ಹಗ್ಗದ ನೆಲಕ್ಕೆ ಸಾಕ್ಷಿ

ಅದು ದಾರಿಯಂತೆ.

ಕೋರ್ಟಿನ ಅಮೀನ ತಂದುಕೊಟ್ಟ ಕಾಗದದಲ್ಲಿ ಹಾಗೆ ಬರೆದಿತ್ತು. ಊರಿನ ಸಮಸ್ತ ಜನರು ತಲೆತಲಾಂತರದಿಂದ ಯಾವ ಅಡ್ಡಿ ಆತಂಕವೂ ಇಲ್ಲದೆ ಓಡಾಡಿಕೊಂಡು ಬಂದಿರುವ ಸಾರ್ವಜನಿಕ ದಾರಿ. ಹಗ್ಗ ಹೊಸೆಯುವವರು ಅದರಲ್ಲಿ ಗೂಟ ನೆಟ್ಟು, ಕೊನೆಯಲ್ಲಿ ಮನೆ ಕಟ್ಟಿಕೊಂಡು ಒತ್ತುವರಿ ಮಾಡಿದ್ದಾರೆ. ಗೂಟ ಕೀಳಿಸಿ, ಮನೆ ಒಡೆಸಿ, ದಾರಿ ಬಿಡಿಸಿಕೊಡಬೇಕು. ಕೆಳಗೆ ಗೋದಾಮಿನ ಯಜಮಾನನ ರುಜು.

ಸೊಸೆ ರಾಟೆ ನಿಲ್ಲಿಸಿ ಓದಿ ಹೇಳಿದಳು. ಹಗ್ಗದವ್ವ ಸೊಂಟಕ್ಕೆ ಕಟ್ಟಿದ ನಾರಿನ ಕಂತೆಯನ್ನೂ ಬಿಚ್ಚದೆ ನಿಂತಲ್ಲೇ ಕೇಳಿಸಿಕೊಂಡಳು.

“ಸಮಸ್ತ ಜನರು ಅಂದ್ರೆ ಯಾರೇ?”

“ಎಲ್ಲರೂ ಅತ್ತೆ. ಊರೋರೆಲ್ಲಾ.”

“ಊರೋರಾ? ಈ ನೆಲದ ಮೇಲೆ ಓಡಾಡಿದ್ರಾ?”

ಹಗ್ಗದವ್ವನಿಗೆ ನಗು ತಡೆಯಲಾಗಲಿಲ್ಲ. ಕೈಯಲ್ಲಿದ್ದ ಎಳೆ ಸಡಿಲಾಗಿ ಗಂಟುಗಂಟಾಯಿತು. ಅದನ್ನು ಮತ್ತೆ ಬಿಡಿಸಿ ಹೊಸೆಯುವ ಹೊತ್ತಿಗೆ ಮಧ್ಯಾಹ್ನವಾಯಿತು.

ನಗುವಂಥ ಸುಳ್ಳೇ ಅದು. ಮದುವೆಯಾಗಿ ಬಂದ ದಿನದಿಂದ ಆ ನೆಲದ ಮೇಲೆ ಊರಿನ ಒಂದು ನರಪಿಳ್ಳೆ ಕಾಲಿಟ್ಟದ್ದನ್ನು ಅವಳು ಕಂಡಿರಲಿಲ್ಲ. ಹಗ್ಗಕ್ಕೆ ಅಗಲದ ಜಾಗ ಬೇಡ, ಉದ್ದದ ಜಾಗ ಬೇಕು. ಪೇಟೆ ಬೀದಿ ಮುಗಿಯುವಲ್ಲಿಂದ ಚರಂಡಿಗೆ ಅಂಟಿಕೊಂಡು, ಒಂದು ಗಾಡಿ ಹೋಗುವಷ್ಟೇ ಅಗಲಕ್ಕೆ, ಅವರ ಮನೆಬಾಗಿಲವರೆಗೆ ಉದ್ದಕ್ಕೆ ಚಾಚಿತ್ತು ಆ ನೆಲ. ರಾಟೆಯ ಕೊಕ್ಕೆಗೆ ನಾರಿನ ತುದಿ ಸಿಕ್ಕಿಸಬೇಕು. ಒಬ್ಬರು ರಾಟೆ ತಿರುಗಿಸಬೇಕು. ಇನ್ನೊಬ್ಬರು ಸೊಂಟದ ಕಂತೆಯಿಂದ ಎರಡೂ ಕೈಯಲ್ಲಿ ನಾರು ಬಿಡುತ್ತ ಹಿಂದೆ ಹಿಂದೆ ಹೆಜ್ಜೆ ಹಾಕಬೇಕು. ಎಳೆ ಹುರಿಗೊಂಡು ಬೆಳೆಯುತ್ತ ಹೋದಂತೆ ಹೊಸೆಯುವವಳು ಹಿಂದಕ್ಕೆ ಹೋಗುತ್ತಾಳೆ. ಕತ್ತಾಳೆ ನಾರಿಗೆ ಕರುಣೆಯಿಲ್ಲ. ಅಂಗೈ ಸೀಳುತ್ತದೆ, ಸೀಳಿದ್ದು ಮಾಯುವ ಮೊದಲೇ ಮತ್ತೆ ಸೀಳುತ್ತದೆ. ಹಗ್ಗದವ್ವನ ಸೊಂಟದ ಸುತ್ತ ಚರ್ಮ ಕೆರೆದು ಕೆರೆದು ಸುಟ್ಟ ಹಾಗೆ ಕಪ್ಪಾಗಿತ್ತು. ಕಾಲ್ಬೆರಳ ಬುಡ ಕೊರಡಾಗಿತ್ತು.

ದೆವ್ವದ ಕಾಲು ಹಿಂದುಮುಂದು ಅಂತಾರಲ್ಲ, ಹಿಂದಕ್ಕೆ ನಡೆಯುವ ಈ ಜನಕ್ಕೆ ಊರು ‘ಹಿಂಗಾಲಿಗಳು’ ಎಂದು ಹೆಸರಿಟ್ಟಿತು. ಹೆಸರಿಟ್ಟದ್ದು ಕಾಲಿಗೆ, ಹೇಸಿದ್ದು ಹುಟ್ಟಿಗೆ. ಬೆಳಗಾಗೆದ್ದು ಇವರ ಮುಖ ನೋಡಿದರೆ ಹೋದ ಕೆಲಸ ಕೆಡುತ್ತದೆ. ಇವರು ನಡೆದ ನೆಲ ತುಳಿದರೆ ಬಾಳು ಹಿಂದಕ್ಕೆ ಹೋಗುತ್ತದೆ. ಮಕ್ಕಳ ಚೆಂಡು ಈ ನೆಲಕ್ಕೆ ಉರುಳಿದರೆ ಅಲ್ಲೇ ಬಿಟ್ಟು ಹೋಗುತ್ತಿದ್ದರು, ಮನೆಯವರು ಬೇರೆ ಚೆಂಡು ಕೊಡಿಸುತ್ತಿದ್ದರು. ಹಗ್ಗ ಬೇಕಾದವರು ಬೀದಿಯ ಕೊನೆಯ ದೀಪದ ಕಂಬದ ಹತ್ತಿರ ನಿಂತು ಕೂಗುತ್ತಿದ್ದರು. “ಅಲ್ಲಿಟ್ಟು ಅತ್ತ ಸರಿ” ಎನ್ನುತ್ತಿದ್ದರು. ಹಗ್ಗಕ್ಕೆ ಮಾತ್ರ ಯಾವ ದೋಷವೂ ಇರಲಿಲ್ಲ. ತೊಟ್ಟಿಲಿಗೆ ಅದೇ, ಬಾವಿಗೆ ಅದೇ, ಕಡೆಗೆ ಹೆಣ ಕಟ್ಟುವುದಕ್ಕೂ ಅದೇ ಬೇಕಾಗಿತ್ತು.

ಪೇಟೆ ಕಟ್ಟಿಸಿದ ಕಾಲದಲ್ಲಿ ತೊಲೆ ಎತ್ತುವ ಹಗ್ಗವೆಲ್ಲ ಗಂಡನ ಅಜ್ಜ ಹೊಸೆದುಕೊಟ್ಟದ್ದು. ಕೂಲಿಯ ಬದಲು “ಚರಂಡಿ ಪಕ್ಕದ ಆ ಪಟ್ಟಿ ನಿಮಗೇ ಇರಲಿ, ಊರೊಳಗೆ ಮಾತ್ರ ಬರಬೇಡಿ” ಎಂದು ಊರಿನ ಹಿರಿಯರು ಬಾಯಿಮಾತಿನಲ್ಲಿ ಕೊಟ್ಟಿದ್ದರು. ನಾಯಿಯೂ ಮಲಗದ ಜಾಗ, ಯಾರಿಗೆ ಬೇಕಿತ್ತು? ಈಗ ಹಗ್ಗದವ್ವನ ಮನೆಯ ಹಿಂದೆ ಗೋದಾಮು ಎದ್ದಿತ್ತು. ಲಾರಿಗಳು ಊರು ಸುತ್ತಿ ಬರಬೇಕಾಗಿತ್ತು. ಗೋದಾಮಿನವನು ಒಂದು ದಿನ ತನ್ನ ಮಹಡಿಯ ಮೇಲೆ ನಿಂತು ನೋಡಿದ. ಪೇಟೆಯಿಂದ ತನ್ನ ಗೇಟಿಗೆ ನೇರವಾಗಿ, ಗಟ್ಟಿಯಾಗಿ, ನುಣ್ಣಗೆ ಸವೆದ ಪಟ್ಟಿ. ಮಧ್ಯೆ ಒಂದು ಹೆಂಚಿನ ಮನೆ. ಅವನ ಕಣ್ಣಿಗೆ ಅದು ದಾರಿಯಾಗಿ ಕಂಡಿತು. ಹೇಸಿಗೆ ಎಲ್ಲಿ ಹೋಯಿತೋ ದೇವರೇ ಬಲ್ಲ.

ವಕೀಲರ ಮುಂದೆ ಹಗ್ಗದವ್ವ, ಸೊಸೆ, ಮೈದುನ ಮೂವರೂ ನಿಂತರು. ಗಂಡ ಹಿಂದೆಯೇ ತೀರಿಹೋಗಿದ್ದ, ಮಗ ದೂರದೂರಲ್ಲಿ ಕಟ್ಟಡದ ಕೆಲಸದಲ್ಲಿದ್ದ. ಮೈದುನ ಪಾಪದ ಪ್ರಾಣಿ. ಯಾರಾದರೂ ಕೆಮ್ಮಿದರೂ ಕೈಮುಗಿಯುವವನು.

“ಕಾಗದ ಪತ್ರ ಏನಾದ್ರೂ ಇದೆಯಾ?” ವಕೀಲರು ಕೇಳಿದರು.

“ಇಲ್ಲ ಸ್ವಾಮಿ.”

“ಕಂದಾಯ ಕಟ್ಟಿದ ರಸೀದಿ?”

“ಕಟ್ಟೋಕೆ ಹೋದ್ರೆ ಒಳಗೆ ಬಿಡ್ತಿರಲಿಲ್ಲ ಸ್ವಾಮಿ.”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟವರಲ್ಲ ಅವರು, ಆದರೆ ಸೋಮಾರಿ. “ಹಾಗಾದ್ರೆ ಸ್ವಾಧೀನ ಒಂದೇ ಗತಿ. ಆ ನೆಲ ನಿಮ್ಮ ಕೈಯಲ್ಲೇ ಇದೆ, ನೀವೇ ಅನುಭವಿಸ್ತಿದ್ದೀರಿ ಅಂತ ಕಣ್ಣಿಗೆ ಕಾಣಬೇಕು. ಸ್ಥಳ ನೋಡೋಕೆ ಕೋರ್ಟಿನ ಕಡೆಯಿಂದ ಕಮಿಷನರ್ ಬರ್ತಾರೆ. ನೋಡಿದ್ದನ್ನ ಬರ್ಕೊಂಡು ಹೋಗ್ತಾರೆ. ಅಷ್ಟೇ.”

ಅಷ್ಟೇ ಅಂದರು. ಇನ್ನೊಂದು ಮಾತು ಬಿಡಿಸಿ ಹೇಳಿದ್ದರೆ ಅವರ ಗಂಟೇನೂ ಹೋಗುತ್ತಿರಲಿಲ್ಲ.

ಕಮಿಷನರ್ ಬರುವ ದಿನ ಹಗ್ಗದವ್ವ ನಸುಕಿನಲ್ಲೇ ಎದ್ದಳು. ಕೋರ್ಟಿನವರು ಬರುತ್ತಾರೆ. ಇವರ ನೆಲಕ್ಕೆ, ಇವರನ್ನು ನೋಡಲು! ಅತ್ತೆ, ಸೊಸೆ, ಮೈದುನ ಸೇರಿ ಗೂಟಗಳನ್ನೆಲ್ಲ ಕಿತ್ತು ಮನೆಯ ಹಿಂದೆ ಒಟ್ಟಿದರು. ರಾಟೆ ಬಿಚ್ಚಿ ಒಳಗಿಟ್ಟರು. ನಾರಿನ ಹೊರೆ, ನೀರಿನ ತೊಟ್ಟಿ, ಅರ್ಧ ಹೊಸೆದ ಹಗ್ಗ ಎಲ್ಲವನ್ನೂ ಕಣ್ಮರೆ ಮಾಡಿದರು. ನೀರು ಚಿಮುಕಿಸಿ, ಬಗ್ಗಿ, ಈ ತುದಿಯಿಂದ ಆ ತುದಿಯವರೆಗೆ ಒಂದು ಎಳೆ ನಾರು ಉಳಿಯದ ಹಾಗೆ ಗುಡಿಸಿದರು. ಆಮೇಲೆ ಮೂವರೂ ಚರಂಡಿಯ ಆಚೆ ಹೋಗಿ ಗೋಡೆಗೆ ಅಂಟಿಕೊಂಡು ನಿಂತರು. ಅವರಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ. ದೊಡ್ಡವರು ಬಂದರೆ ನಮ್ಮದೇನೂ ಅವರ ಕಣ್ಣಿಗೆ ಬೀಳಬಾರದು, ನಾವೂ ಬೀಳಬಾರದು. ಹುಟ್ಟಿದಾಗಿನಿಂದ ಮೈಗೆ ಹತ್ತಿದ್ದು. ಆ ದಿನ ಅವರಲ್ಲಿ ಒಬ್ಬರಿಗೂ ಇದು ತಪ್ಪಾಗಬಹುದು ಅಂತ ಹೊಳೆಯಲಿಲ್ಲ.

ಕಮಿಷನರ್ ಪರವೂರಿನವರು. ಬೂಟು ಹಾಕಿಕೊಂಡು ಸೀದಾ ನಡುಮಧ್ಯೆ ನಡೆದುಕೊಂಡು ಬಂದರು. ಗೋದಾಮಿನವನು ದೀಪದ ಕಂಬದ ಹತ್ತಿರವೇ ನಿಂತು, ಬಿಸಿಲು ಜಾಸ್ತಿ ಅಂತ ಕರ್ಚೀಫಿನಿಂದ ಮುಖ ಒರೆಸಿಕೊಳ್ಳುತ್ತ, ಬೆರಳು ಚಾಚಿ ಚಾಚಿ ತೋರಿಸಿದ. ಒಂದು ಹೆಜ್ಜೆ ಒಳಗಿಡಲಿಲ್ಲ. ಹಗ್ಗದವ್ವ ಅದನ್ನು ನೋಡಿದಳು. ಕಮಿಷನರ್ ನೋಡಲಿಲ್ಲ. ಅವರು ನೆಲ ನೋಡುತ್ತಿದ್ದರು.

“ಎಷ್ಟು ಚೊಕ್ಕವಾಗಿದೆ!” ಅಂದರು.

ಮೈದುನನ ಮುಖ ಅರಳಿತು. ಗೋಡೆಯ ಕಡೆಯಿಂದಲೇ ಕೈಮುಗಿದ.

ವರದಿ ಬಂತು. ‘ಸ್ಥಳವು ಖಾಲಿ ಇದೆ. ಯಾರ ಸಾಮಾನೂ ಇಲ್ಲ, ಯಾರ ಅನುಭವದ ಗುರುತೂ ಇಲ್ಲ. ನೆಲ ಗಟ್ಟಿಯಾಗಿ ಸವೆದಿದ್ದು ಬಹುಜನರ ನಿತ್ಯದ ಓಡಾಟ ಸ್ಪಷ್ಟವಾಗಿ ಕಾಣುತ್ತದೆ.’

ವಕೀಲರು ಹಣೆ ಹಣೆ ಬಡಿದುಕೊಂಡರು. “ಗುಡಿಸೋಕೆ ಯಾರಮ್ಮಾ ಹೇಳಿದ್ದು ನಿಮಗೆ? ನಿಮ್ಮ ಕಾಲ ಮೇಲೆ ನೀವೇ ಚಪ್ಪಡಿ ಎಳ್ಕೊಂಡ್ರಲ್ಲ!”

ಬಹುಜನರ ಓಡಾಟವಂತೆ. ಹಗ್ಗದವ್ವನ ಕಾಲು, ಅವಳ ಅತ್ತೆಯ ಕಾಲು, ಅತ್ತೆಯ ಅತ್ತೆಯ ಕಾಲು, ಹಿಂದಕ್ಕೆ ನಡೆದು ನಡೆದು ಸವೆಸಿದ ನೆಲ. ಆ ಸವೆತವೂ ಈಗ ಊರಿನ ಪಾಲಿಗೆ ಹೋಯಿತು. ಮನೆಗೆ ಬಂದು ಪೊರಕೆ ಮುರಿದು ಒಲೆಗೆ ಹಾಕಿದಳು.

ವಕೀಲರು ಇನ್ನೊಂದು ದಾರಿ ಹೇಳಿದ್ದರು. ಊರಿನವರು ಯಾರಾದರೂ ಒಬ್ಬರು ಬಂದು, ‘ನಾವ್ಯಾರೂ ಆ ನೆಲ ತುಳಿದಿಲ್ಲ, ಅದು ಅವರದು ಅಂತಲೇ ದೂರ ಇದ್ದೆವು’ ಅಂತ ಹೇಳಿದರೆ ಸಾಕು. ಸುಳ್ಳೇನೂ ಹೇಳಬೇಕಾಗಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ಹಗ್ಗದವ್ವ ದಿನಸಿ ಅಂಗಡಿಯಮ್ಮನ ಹತ್ತಿರ ಹೋದಳು. ಅಂಗಡಿಯ ಮುಂದೆ ಒಂದು ಹಲಗೆ. ಹಲಗೆಯ ಮೇಲೆ ಇವಳು ದುಡ್ಡಿಡಬೇಕು. ಅಂಗಡಿಯಮ್ಮ ಅದರ ಮೇಲೆ ನೀರು ಹನಿಸಿ ತೆಗೆದುಕೊಳ್ಳುತ್ತಾಳೆ. ಉಪ್ಪಿನ ಪೊಟ್ಟಣವನ್ನು ಹಲಗೆಯ ಮೇಲೆ ಎಸೆಯುತ್ತಾಳೆ.

“ಅಮ್ಮಾ, ಒಂದು ಉಪಕಾರ ಮಾಡ್ಬೇಕು. ನೀವು ನಮ್ಮ ನೆಲ ಯಾವತ್ತೂ ತುಳಿದಿಲ್ಲ ಅಲ್ವಾ? ಅದನ್ನ ಕೋರ್ಟಲ್ಲಿ ಬಂದು ಹೇಳಿ.”

“ಯಾಕೆ ತುಳಿದಿಲ್ಲ ಅಂತ ಕೇಳಿದ್ರೆ?”

“ನಮ್ಮನ್ನ ಕಂಡ್ರೆ ಹೇಸಿಗೆ ಅಂತ ಹೇಳಿ.”

ಅಂಗಡಿಯಮ್ಮ ಎರಡೂ ಕಿವಿ ಮುಚ್ಚಿಕೊಂಡಳು. “ಛೀ ಛೀ! ಎಂಥಾ ಮಾತಾಡ್ತೀಯೇ! ನಾವು ಹಾಗೆಲ್ಲಾ ನೋಡ್ತೀವಾ? ಕಾಲ ಬದಲಾಗಿದೆ. ಎಲ್ಲರ ಮೈಯಲ್ಲೂ ಹರಿಯೋದು ಕೆಂಪು ರಕ್ತಾನೇ ಅಲ್ವಾ?” ಅಂದವಳೇ, “ಸ್ವಲ್ಪ ಆ ಕಡೆ ನಿಂತ್ಕೋ, ಗಿರಾಕಿ ಬರ್ತಾರೆ” ಅಂದಳು. ಹಲಗೆಯ ಮೇಲಿನ ದುಡ್ಡಿಗೆ ನೀರು ಹನಿಸಿದಳು.

“ಈಗ ನೀರು ಹಾಕಿದ್ರಲ್ಲಮ್ಮಾ?”

“ಅದು ಧೂಳಿಗೆ.”

ಅಲ್ಲಿಂದ ಮೇಷ್ಟ್ರ ಮನೆಗೆ ಹೋದಳು. ಮೇಷ್ಟ್ರಿಗೆ ಈಗ ರಿಟೈರಾಗಿತ್ತು. ಪೇಟೆ ಬೀದಿಯಲ್ಲೇ ಮನೆ, ಊರಲ್ಲಿ ಗೌರವ. ಅವಳ ಮಗನನ್ನು ಅವರು ಶಾಲೆಯ ಬಾಗಿಲಾಚೆ ಗೋಣಿಚೀಲದ ಮೇಲೆ ಕೂರಿಸುತ್ತಿದ್ದರು. ಮಳೆ ಬಂದರೆ ಹುಡುಗ ಅಲ್ಲೇ ನೆನೆಯುತ್ತಿದ್ದ. ಸ್ಲೇಟು ನೋಡಬೇಕಾದರೆ ದೂರದಿಂದಲೇ ಎತ್ತಿ ಹಿಡಿ ಎನ್ನುತ್ತಿದ್ದರು. ಇಂಥವರಿಗಾದರೂ ನೆನಪಿರದೆ ಇರುತ್ತದಾ ಅಂತ ಅವಳ ಆಸೆ. ಮೇಷ್ಟ್ರು ಜಗುಲಿಯ ಮೇಲಿಂದ, ಅವಳು ಬೀದಿಯಲ್ಲಿ ನಿಂತು ಮಾತಾಡಿದರು.

“ನನ್ನ ಬಾಯಿಂದ ಅಂಥ ಮಾತು ಬರಲ್ಲಮ್ಮಾ. ನಾನು ಜೀವನವಿಡೀ ಸಮಾನತೆ ಪಾಠ ಹೇಳಿದವನು.”

“ಪಾಠ ಹೇಳಿದ್ರಿ ಮೇಷ್ಟ್ರೇ. ನನ್ನ ಮಗ ಹೊರಗೆ ಕೂತು ಕೇಳಿಸ್ಕೊಂಡ.”

ಮೇಷ್ಟ್ರು ಒಳಗೆ ಎದ್ದು ಹೋದರು.

ಸಾಕ್ಷಿ ಹೇಳಲು ಅವರು ಬಂದರು. ಆದರೆ ಗೋದಾಮಿನವನ ಕಡೆಯಿಂದ. ಕೋರ್ಟಿನ ಕಟಕಟೆಯಲ್ಲಿ ನಿಂತು, ಸತ್ಯವನ್ನೇ ಹೇಳುತ್ತೇನೆ ಅಂತ ಪ್ರಮಾಣ ಮಾಡಿ, ಎಲುಬಿಲ್ಲದ ನಾಲಿಗೆಯನ್ನು ಬೇಕಾದ ಹಾಗೆ ಹೊರಳಿಸಿದರು.

“ದಿನಾ ಬೆಳಿಗ್ಗೆ ನಾನು ವಾಕಿಂಗ್ ಹೋಗೋದೇ ಆ ದಾರೀಲಿ. ನಮ್ಮಪ್ಪನೂ ಓಡಾಡ್ತಿದ್ರು. ನಮ್ಮೂರಲ್ಲಿ ಅದು ಅವರ ದಾರಿ, ಇದು ಇವರ ಬೀದಿ ಅಂತ ಭೇದವೇ ಇಲ್ಲ ಸ್ವಾಮಿ. ಊರಿನ ಎಲ್ಲಾ ಬೀದೀಲೂ ಎಲ್ಲರೂ ಓಡಾಡ್ತೀವಿ. ಅಣ್ಣ ತಮ್ಮಂದಿರ ಹಾಗಿದ್ದೀವಿ.”

ಅಂಗಡಿಯಮ್ಮ ಬಂದಳು. ಅವಳೂ ಓಡಾಡಿದ್ದಳಂತೆ. ಹೋಗುವಾಗೆಲ್ಲ ಹಗ್ಗದವ್ವನನ್ನು ಮಾತಾಡಿಸಿಕೊಂಡು ಹೋಗುತ್ತಿದ್ದಳಂತೆ. ‘ಅಕ್ಕ’ ಎಂದೇ ಕರೆಯುತ್ತಿದ್ದಳಂತೆ. ಹಗ್ಗದವ್ವನಿಗೆ ಆ ಮಾತು ಮೈಮೇಲೆ ಉಗುಳಿದ ಹಾಗಾಯಿತು. ಇಷ್ಟು ವರ್ಷ ಹಿಂಗಾಲಿ ಎಂದು ಕರೆಸಿಕೊಂಡಾಗಲೂ ಇಷ್ಟು ಅಸಹ್ಯವಾಗಿರಲಿಲ್ಲ.

“ಸುಳ್ಳು!” ಅಂತ ಕೂಗಿದಳು.

“ಸದ್ದು!” ಅಂತ ಜವಾನ ಗದರಿದ.

ಜಡ್ಜಿಗೆ ಸಾಕ್ಷಿಗಳ ಮೇಲೆ ಪ್ರೀತಿ ಬಂದಿತ್ತು. ಇಂಥ ಊರುಗಳು ಈ ಕಾಲದಲ್ಲಿ ಅಪರೂಪ ಅಂದರು. ತೀರ್ಪು ಬರುವವರೆಗೆ ಆ ದಾರಿಯಲ್ಲಿ ಯಾರೂ ಗೂಟ ನೆಡಬಾರದು, ಸಾಮಾನು ಇಡಬಾರದು, ತೆರವಾಗಿಯೇ ಇರಬೇಕು ಅಂತ ಆಜ್ಞೆ ಮಾಡಿದರು.

ಅಂದರೆ ಹೊಸೆಯುವಂತಿಲ್ಲ. ಹೊಸೆಯದಿದ್ದರೆ ಒಲೆ ಉರಿಯುವುದಿಲ್ಲ. ಕೋರ್ಟಿನ ವರಾಂಡದಲ್ಲಿ ಗೋದಾಮಿನವನು ಮೈದುನನನ್ನು ಹತ್ತಿರ ಕರೆದ. ಹತ್ತಿರ ಅಂದರೆ ಎರಡು ಮಾರು ದೂರ.

“ಸುಮ್ಮನೆ ರಾಜಿ ಮಾಡ್ಕೊಳ್ರೋ. ದಾರಿ ಅಂತ ಒಪ್ಕೊಂಡು ಹೆಬ್ಬೆಟ್ಟು ಒತ್ತಿ. ಗೋದಾಮಿನ ಕಸ ಗುಡಿಸೋ ಕೆಲಸ ಕೊಡ್ತೀನಿ. ಗುಡಿಸೋದ್ರಲ್ಲಿ ನೀವು ಗಟ್ಟಿಗರು ಅಂತ ಕಮಿಷನರೇ ಬರೆದಿದ್ದಾರೆ.” ಅವನ ಜೊತೆಗಿದ್ದವರು ಹಲ್ಲು ಕಿರಿದರು.

ಮೈದುನ ಅತ್ತಿಗೆಯ ಹತ್ತಿರ ಓಡಿ ಬಂದ. “ಅತ್ತಿಗೇ, ಒಪ್ಪಿಬಿಡೋಣ. ಬೆಟ್ಟಕ್ಕೆ ಕಲ್ಲು ಹೊತ್ತ ಹಾಗಾಯ್ತು. ಹಾಕಿದಷ್ಟು ಹಾಕ್ತಾರೆ, ತಿಂದ್ಕೊಂಡಿರೋಣ.”

ಹಗ್ಗದವ್ವ ಅವನನ್ನು ನೋಡಲಿಲ್ಲ. ವರಾಂಡದ ಮೆಟ್ಟಿಲಿಳಿಯುತ್ತಿದ್ದ ಮೇಷ್ಟ್ರನ್ನು ನೋಡುತ್ತಿದ್ದಳು. “ಅವರೇನಂದ್ರೋ ಒಳಗೆ? ಎಲ್ಲಾ ಬೀದೀನೂ ಎಲ್ಲರದ್ದು ಅಂದ್ರು ಅಲ್ವೇನೋ?”

“ಅಂದ್ರು.”

“ಪ್ರಮಾಣ ಮಾಡಿ ಅಂದ್ರು ಅಲ್ವಾ?”

“ಹೂಂ.”

“ಹಾಗಾದ್ರೆ ಒಪ್ಕೊಳ್ಳೋಣ. ಮೇಷ್ಟ್ರು ಹೇಳಿದ್ದನ್ನ ಒಪ್ಕೊಳ್ಳೋಣ.”

ಮಾರನೆಯ ಬೆಳಿಗ್ಗೆ ಹಗ್ಗದವ್ವ ರಾಟೆಯನ್ನು ತಲೆಯ ಮೇಲಿಟ್ಟುಕೊಂಡು ಪೇಟೆ ಬೀದಿಗೆ ಬಂದಳು. ಹಿಂದೆ ಸೊಸೆ, ನಾರಿನ ಹೊರೆ ಹೊತ್ತುಕೊಂಡು. ಮೈದುನ ಬರಲಿಲ್ಲ, ಮನೆಯ ಮೂಲೆಯಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. ದಿನಸಿ ಅಂಗಡಿಯ ಎದುರಿಗೆ ರಾಟೆ ಇಳಿಯಿತು. ಅದಕ್ಕೆ ನಾಲ್ಕು ಕಲ್ಲು ಒತ್ತಿಟ್ಟರು. ಹಗ್ಗದವ್ವ ಸೊಂಟಕ್ಕೆ ಕಂತೆ ಸುತ್ತಿ, ಕೊಕ್ಕೆಗೆ ನಾರು ಸಿಕ್ಕಿಸಿ, “ತಿರುಗಿಸೇ” ಅಂದಳು. ಸೊಸೆ ಬೀದಿಯ ಎರಡೂ ಬದಿ ಒಮ್ಮೆ ನೋಡಿ ಹಿಡಿಕೆ ಹಿಡಿದಳು. ತಿರುಗಿಸಿದಳು.

ಹಗ್ಗದವ್ವ ಪೇಟೆ ಬೀದಿಯ ನಡುವೆ ಹಿಂದಕ್ಕೆ ನಡೆಯತೊಡಗಿದಳು.

ಮೊದಲು ಯಾರಿಗೂ ಏನಾಗುತ್ತಿದೆ ಅಂತಲೇ ತಿಳಿಯಲಿಲ್ಲ. ಆಮೇಲೆ ಅಂಗಡಿಯಮ್ಮ ಚೀರಿದಳು. ಬಟ್ಟೆ ಅಂಗಡಿಯವನು ಹೊರಗೆ ಬಂದ. ಸೈಕಲ್ಲಿನವನೊಬ್ಬ ಬ್ರೇಕು ಹಾಕಿ ಚರಂಡಿಗೆ ಕಾಲು ಕೊಟ್ಟ. ಹುಟ್ಟಿದಾಗಿನಿಂದ ಹಗ್ಗದವ್ವ ಎದುರಿಗೆ ಯಾರು ಬಂದರೂ ಸರಿದಿದ್ದಳು. ಗೋಡೆಗೆ, ಮುಳ್ಳಿಗೆ, ಕೊಚ್ಚೆಗೆ ಸರಿದಿದ್ದಳು. ಈಗ ಬೆನ್ನು ಮುಂದಾಗಿ ಬರುತ್ತಿದ್ದಾಳೆ. ಬೆನ್ನಿಗೆ ಕಣ್ಣಿಲ್ಲ. ಅವಳು ಯಾರನ್ನು ನೋಡಿ ಸರಿಯಬೇಕು? ನೋಡಿದವರೇ ಸರಿಯಬೇಕು. ಊರಿಗೆ ಊರೇ ಸರಿಯಿತು. ಜರಿ ಪಂಚೆಯವರು ಸರಿದರು, ಬೂಟಿನವರು ಸರಿದರು, ಮೈ ತಗಲೀತು ಅಂತ ಹೆಂಗಸರು ಸೆರಗು ಬಾಚಿಕೊಂಡು ಅಂಗಡಿಗಳೊಳಗೆ ನುಗ್ಗಿದರು. ಎಳೆ ಬೆಳೆಯಿತು. ಅವಳ ಅಂಗೈಯಿಂದ ರಕ್ತ ಜಿನುಗಿ ನಾರಿಗೆ ಹತ್ತಿತು. ಎಂದಿನ ಹಾಗೆ.

ಯಾರೋ ಹೋಗಿ ಪೊಲೀಸನನ್ನು ಕರೆತಂದರು.

“ಏನಮ್ಮಾ ಇದು? ಬೀದೀಲಿ ಏನು ನಿನ್ನ ರಾಮಾಯಣ?”

“ನಡೀತಾ ಇದ್ದೀನಿ ಸಾರ್.”

“ಹಿಂದಕ್ಕಾ?”

“ಮುಂದಕ್ಕೇ ನಡೀಬೇಕು ಅಂತ ಕಾನೂನಿದ್ರೆ ಹೇಳಿ ಸಾರ್, ತಿರುಗ್ತೀನಿ. ಅಲ್ಲಿ ತರಕಾರಿಯವನು ಗಾಡಿ ನಿಲ್ಲಿಸಿದ್ದಾನೆ, ಟೀ ಅಂಗಡಿಯವನು ಬೆಂಚು ಹಾಕಿದ್ದಾನೆ. ಅವರನ್ನ ಎಬ್ಬಿಸಿದ ಮೇಲೆ ನನ್ನನ್ನೂ ಎಬ್ಬಿಸಿ.”

ಪೊಲೀಸ ತಲೆ ಕೆರೆದುಕೊಂಡ. ಬೀದಿಯವರ ಕಡೆ ತಿರುಗಿ, “ಯಾರಾದ್ರೂ ಕಂಪ್ಲೇಂಟ್ ಬರೆದುಕೊಡಿ” ಅಂದ. ಬಟ್ಟೆ ಅಂಗಡಿಯವನು ಮುಂದೆ ಬಂದ.

“ಏನಂತ ಬರೀಲಿ?”

“ನಿಮಗೇನು ತೊಂದರೆ ಅಂತ ಬರೀರಿ.”

“ಇವರು ಇಲ್ಲಿ ಬರಬಾರದು.”

“ಯಾಕೆ ಬರಬಾರದು?”

“ಯಾಕೆ ಅಂದ್ರೆ... ಇವರು... ನಿಮಗೆ ಗೊತ್ತಲ್ಲಾ ಸಾರ್.”

“ಗೊತ್ತು. ಅದನ್ನ ನಿಮ್ಮ ಕೈಯಾರೆ ಬರೆದುಕೊಟ್ರೆ ನಿಮ್ಮನ್ನೇ ಒಳಗೆ ಹಾಕ್ಬೇಕಾಗುತ್ತೆ.” ಪೊಲೀಸ ಟೀ ಅಂಗಡಿಗೆ ಹೋಗಿ ಕೂತ. ಬಟ್ಟೆ ಅಂಗಡಿಯವನು ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಬಂದ ದಾರಿಗೆ ಸುಂಕವಿಲ್ಲ ಅಂತ ಹಿಂತಿರುಗಿದ.

ಮರುದಿನವೂ ರಾಟೆ ತಿರುಗಿತು. ಅದರ ಮರುದಿನವೂ. ಆ ಹೊತ್ತಿಗೆ ಮೈದುನನೂ ಬಂದಿದ್ದ. ಮೂರು ಎಳೆ ಕೂಡಿಸಿ ಹಗ್ಗ ಮಾಡಬೇಕಾದರೆ ಇಬ್ಬರ ಕೈಯಲ್ಲಿ ಆಗುವುದಿಲ್ಲ ಅಂತ ಅವನಿಗೂ ಗೊತ್ತಿತ್ತು. ಮೊದಮೊದಲು ಕಣ್ಣು ಮುಚ್ಚಿಕೊಂಡು ನಡೆದ. ನಾರಿನ ಧೂಳು ಬಟ್ಟೆಯ ಥಾನುಗಳ ಮೇಲೆ ಕೂತಿತು, ಬೇಳೆಯ ಚೀಲಕ್ಕೆ ಬಿತ್ತು. ಗಿರಾಕಿಗಳು ಬೇರೆ ಬೀದಿ ಹಿಡಿದರು. ಎಲ್ಲರೂ ಅಣ್ಣ ತಮ್ಮಂದಿರಾಗಿದ್ದ ಊರು ಹಲ್ಲು ಕಡಿಯಿತು. ರಾಟೆಗೆ ಕಲ್ಲು ಬಿತ್ತು. ಸೊಸೆಯ ಬೆನ್ನಿಗೂ ಬಿತ್ತು. ಸೊಸೆ ಬೆನ್ನು ಉಜ್ಜಿಕೊಂಡು, ಆ ಕಲ್ಲನ್ನೇ ತಂದು ರಾಟೆಯ ಕಾಲಿಗೆ ಒತ್ತಿಟ್ಟಳು.

ಬೀದಿಯವರು ಗೋದಾಮಿನವನ ಹತ್ತಿರ ಹೋದರು. ಅವನು, “ನನ್ನ ಗೋದಾಮಿನ ಮುಂದೆ ಏನೂ ಇಲ್ಲಪ್ಪಾ” ಅಂದ. ಅಟ್ಟ ಹತ್ತಿಸಿ ಏಣಿ ತೆಗೆಯುವುದು ಅವನಿಗೆ ಹೊಸದೇನಲ್ಲ.

ಒಂದು ಬೆಳಿಗ್ಗೆ ಮೇಷ್ಟ್ರು ಜಗುಲಿಯಿಂದ ಇಳಿದರು. ಹಗ್ಗದವ್ವ ಎಳೆ ಬಿಡುತ್ತ ಬಿಡುತ್ತ ಅವರ ಮನೆಯ ಮುಂದಕ್ಕೆ ಬಂದಿದ್ದಳು. ಅವಳಿಗೆ ಅವರು ಕಾಣಲಿಲ್ಲ. ಅವರು ಚಪ್ಪಲಿ ಹುಡುಕುತ್ತಿದ್ದರು. ಅವಳ ಬೆನ್ನು ಅವರ ಎದೆಗೆ ತಾಗಿತು.

ಮೇಷ್ಟ್ರು ಬಾಯಿ ಬಿಟ್ಟರು ನೋಡಿ! ಜೀವನವಿಡೀ ಸಮಾನತೆಯ ಪಾಠ ಹೇಳಿದ ಬಾಯಿ. ಅದರಲ್ಲಿ ಏನೇನು ಬಂತು ಅಂತ ಇಲ್ಲಿ ಬರೆದರೆ ಕಾಗದ ನಾರುತ್ತದೆ. ಹುಟ್ಟು, ತಾಯಿ, ತಿನ್ನುವ ಅನ್ನ ಯಾವುದನ್ನೂ ಬಿಡಲಿಲ್ಲ. ಎದೆಯ ಮೇಲಿನ ಬಟ್ಟೆ ಕಿತ್ತು ನೆಲಕ್ಕೆ ಎಸೆದರು.

“ಹಾಳಾದವಳೇ, ನಿನಗೆ ಅಂತ ಜಾಗ ಇಲ್ವೇನೇ? ಆ ಚರಂಡಿ ಪಕ್ಕದ ನೆಲ ನಿನ್ನ ಗಂಡನ ಅಜ್ಜಂಗೆ ಕೊಟ್ಟಿದ್ದಲ್ವೇನೇ? ನಮ್ಮಪ್ಪ ಎದುರಿಗೆ ನಿಂತು ಕೊಡಿಸಿದ್ದು! ನಮ್ಮ ಮನೆತನದಲ್ಲಿ ಒಬ್ಬರಾದ್ರೂ ಅಲ್ಲಿ ಕಾಲಿಟ್ಟಿದ್ದೀವೇನೇ? ಅಲ್ಲಿಗೆ ಹೋಗಿ ಸಾಯ್ರೇ! ಅದು ನಿಮ್ಮದು!”

ರಾಟೆ ನಿಂತಿತು. ಇಡೀ ಬೀದಿ ಕೇಳಿತ್ತು. ಟೀ ಅಂಗಡಿಯಲ್ಲಿ ಪೊಲೀಸ ಲೋಟ ಕೆಳಗಿಟ್ಟ.

ಹಗ್ಗದವ್ವ ತಿರುಗಿ ಅವರ ಮುಖ ನೋಡಿದಳು. “ಇದನ್ನೇ ಅಲ್ವ ಮೇಷ್ಟ್ರೇ ನಾನು ಅವತ್ತು ಕೈಮುಗಿದು ಕೇಳಿದ್ದು? ಕೋರ್ಟಲ್ಲಿ ಹೇಳಿ. ಅಲ್ಲೀವರೆಗೂ ಇಲ್ಲೇ.”

ಮತ್ತೆ ಎಳೆ ಹಿಡಿದಳು.

ಮುಂದಿನ ಸಲ ಕೋರ್ಟು ಸೇರಿದಾಗ ಸಾಕ್ಷಿಗಳು ಕರೆಯದೆಯೇ ಬಂದಿದ್ದರು. ಬಟ್ಟೆ ಅಂಗಡಿಯವನು, ಅಂಗಡಿಯಮ್ಮ, ಸೈಕಲ್ಲಿನವನು, ಮೇಷ್ಟ್ರು, ನಾ ಮುಂದು ತಾ ಮುಂದು ಅಂತ. ಒಬ್ಬ ಸಾಕ್ಷಿಗೆ ಇವಳು ಬಾಗಿಲು ಬಾಗಿಲು ಅಲೆದಿದ್ದಳು. ಈಗ ತಮ್ಮ ಹೇಸಿಗೆಗೆ ತಾವೇ ಸಾಕ್ಷಿ ಹೇಳಲು ಊರು ವರಾಂಡದ ತುಂಬ ನಿಂತಿತ್ತು. ಗೋದಾಮಿನವನ ಮುಖ ಹುಳಿ ಕುಡಿದ ಹಾಗಿತ್ತು.

ಹಗ್ಗದವ್ವನ ವಕೀಲರು ಅಂದು ಸೋಮಾರಿತನ ಬಿಟ್ಟಿದ್ದರು. ಮೇಷ್ಟ್ರನ್ನೇ ಮತ್ತೆ ಕಟಕಟೆಗೆ ಕರೆಸಿದರು. ಜಡ್ಜು ಹಿಂದಿನ ಹೇಳಿಕೆ ಮುಂದಿಟ್ಟುಕೊಂಡು ಕೇಳಿದರು.

“ದಿನಾ ಆ ದಾರೀಲಿ ವಾಕಿಂಗ್ ಹೋಗ್ತೀನಿ ಅಂದಿದ್ರಲ್ಲ?”

“ವಯಸ್ಸಾಯ್ತು ಸ್ವಾಮಿ. ಬೇರೆ ದಾರಿ ಅಂದ್ಕೊಂಡೆ.”

“ಆ ನೆಲ ಯಾರದು?”

“ಅವರದೇ. ಅವರಜ್ಜನ ಕಾಲದಿಂದ. ನಮ್ಮಪ್ಪನೇ ನೋಡಿದ್ರು.”

“ಊರಿನವರು ಯಾರೂ ಓಡಾಡಿಲ್ಲ?”

“ಇಲ್ಲ.”

“ಯಾಕೆ?”

ಮೇಷ್ಟ್ರು ಕೆಮ್ಮಿದರು. ಕಟಕಟೆಯ ಮರ ಹಿಡಿದುಕೊಂಡರು. ನೀರು ಕೇಳಿದರು. ಜಡ್ಜು ಮತ್ತೊಮ್ಮೆ “ಯಾಕೆ?” ಅಂದರು.

“ಅವರು ನಡೆದ ನೆಲ ನಾವು ತುಳಿಯಲ್ಲ.”

ಟೈಪಿನವನು ಟಕಟಕ ಅಂತ ಅದನ್ನು ಬಡಿದ. ಜಡ್ಜು ಅವತ್ತು ಯಾವ ಊರನ್ನೂ ಹೊಗಳಲಿಲ್ಲ. ಅಂಗಡಿಯಮ್ಮನೂ ಬಂದು ಅದನ್ನೇ ಹೇಳಿದಳು. ಈ ಸಲ ಅಕ್ಕ ಅನ್ನಲಿಲ್ಲ. ಹಗ್ಗದವ್ವ ಕೈಕಟ್ಟಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಗೆದ್ದ ಖುಷಿಯೇನೂ ಆಗಲಿಲ್ಲ. ಹೊಲಸು ತುಳಿದ ಕಾಲನ್ನು ತೊಳೆಯುವಾಗ ಆಗುವಂಥ ಓಕರಿಕೆ ಆಯಿತು. ತನ್ನನ್ನು ಹೇಸಿದವರನ್ನು ಇಷ್ಟು ದಿನ ತಾನೂ ದೊಡ್ಡವರು ಅಂದುಕೊಂಡಿದ್ದಳಲ್ಲ, ಅದಕ್ಕೆ ಮೈ ಉರಿಯಿತು.

ನೆಲ ಮತ್ತು ಮನೆ ಹಗ್ಗ ಹೊಸೆಯುವವರದು ಅಂತ ತೀರ್ಪಾಯಿತು. ಗೋದಾಮಿನವನ ಲಾರಿಗಳು ಊರು ಸುತ್ತಿಯೇ ಹೋಗಬೇಕು.

ಕೋರ್ಟಿನ ಮೆಟ್ಟಿಲ ಹತ್ತಿರ ಮೇಷ್ಟ್ರು ಕಾದಿದ್ದರು. ಎಂದಿನಷ್ಟೇ ದೂರದಲ್ಲಿ. ಹಿಂದೆ ಪೇಟೆ ಬೀದಿಯವರೆಲ್ಲ ನಿಂತಿದ್ದರು. ಉಪಕಾರ ಮಾಡಿದವರ ಮುಖ ಹಾಕಿಕೊಂಡಿದ್ದರು.

“ಈಗ ಸಮಾಧಾನ ಆಯ್ತಲ್ಲ? ನಾನು ಬಾಯಿ ಬಿಟ್ಟಿದ್ದಕ್ಕೆ ನಿನ್ನ ನೆಲ ನಿನಗೆ ಬಂತು. ಇನ್ನಾದ್ರೂ ನಿನ್ನ ರಾಟೆ ಎತ್ಕೊಂಡು ಬೀದಿ ಬಿಡು.”

ಮೈದುನ ಅಭ್ಯಾಸಬಲದಿಂದ ಕೈಯೆತ್ತಿದ. ಮುಗಿಯಲಿಲ್ಲ, ಇಳಿಸಿದ.

“ನೆಲ ನಮ್ಮದು ಅಂತ ಇವತ್ತು ಪ್ರಮಾಣ ಮಾಡಿ ಹೇಳಿದ್ರಿ,” ಅಂದಳು ಹಗ್ಗದವ್ವ. “ಬೀದಿ ಎಲ್ಲರದ್ದು ಅಂತ ಅವತ್ತು ಪ್ರಮಾಣ ಮಾಡಿ ಹೇಳಿದ್ರಿ. ಮೇಷ್ಟ್ರ ಮಾತು ತೆಗೆದುಹಾಕೋಕಾಗುತ್ತಾ? ಎರಡೂ ಇಟ್ಕೊಳ್ತೀವಿ.”

ಮಾರನೆಯ ಬೆಳಿಗ್ಗೆ ಮೈದುನ ನೆಲದಲ್ಲಿ ಗೂಟ ನೆಡುತ್ತಿದ್ದ. ಹಗ್ಗದವ್ವ ಸೊಸೆಯನ್ನು ಕರೆದುಕೊಂಡು, ರಾಟೆ ಹೊತ್ತುಕೊಂಡು, ಪೇಟೆ ಬೀದಿಗೆ ನಡೆದಳು.